ಯಾವ ಘೋಷಣಾ ಆಗೇತ್ರಿ?

ಬಾಗಲಕೋಟೆಯಲ್ಲಿ ಭೂಸ್ವಾಧೀನದ ಕೇಸು ನಡೆಸುವ ವಕೀಲರ ಮುಂದೆ ಕಕ್ಷಿದಾರರು ಮೊದಲು ಇಡುವುದು ಹೊಲದ ಉತಾರವನ್ನಲ್ಲ (ಪಹಣಿ), ಪೇಪರಿನ ತುಂಡನ್ನು. “ಸಾಹೇಬ್ರ, ಸರ್ಕಾರ ಘೋಷಣಾ ಮಾಡೈತಂತಲ್ರಿ, ಇನ್ನ ಹೊಲಾ ಬಿತ್ತಬೇಕೋ ಬ್ಯಾಡೋ?” ನಾನು ತಿರುಗಿ ಕೇಳುವುದು ಒಂದೇ: ಯಾವ ಘೋಷಣಾ ಆಗೇತ್ರಿ?

ಕೊಂಕು ನುಡಿಯಲ್ಲ ಇದು. ಮಂತ್ರಿ ಭಾಷಣದಲ್ಲಿ ಹೇಳಿದ್ದೂ ನಮ್ಮಲ್ಲಿ ಘೋಷಣೆ, ಗೆಜೆಟ್‌ನಲ್ಲಿ ಅಚ್ಚಾದದ್ದೂ ಘೋಷಣೆ, ಡಿಸಿ ಕಚೇರಿ ಎದುರು ಜನ ಕೂಗಿದ್ದೂ ಘೋಷಣೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯೂ 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಕಾಯ್ದೆಯೂ ಬರೆದದ್ದು ಇಂಗ್ಲಿಷಿನಲ್ಲೇ. ಪ್ರಕರಣ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರೆ ಅಲ್ಲಿ ವಾದವೂ ಇಂಗ್ಲಿಷಿನಲ್ಲೇ. ಹಾಗಾಗಿ ಅನೌನ್ಸ್, ನೋಟಿಫೈ, ಡಿಕ್ಲೇರ್ ಇವುಗಳ ಅಂತರ ಗೊತ್ತಿಲ್ಲದವರು ಹೊಲ ಹೋಗುವ ಮೊದಲೇ ಹೋಯಿತೆಂದು ಕೂರುತ್ತಾರೆ, ಇಲ್ಲವೇ ಹೋದ ಮೇಲೂ ಇದೆ ಅಂದುಕೊಂಡಿರುತ್ತಾರೆ.

ಅನೌನ್ಸ್ ಎಂದರೆ ಜನರಿಗೆ ಗೊತ್ತಿಲ್ಲದ್ದನ್ನು ಗೊತ್ತುಮಾಡುವುದು, ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ವಿಜಯಪುರದ ಗಾಡಿ ಬಂತೆಂದು ಕೂಗುವುದೂ ಅನೌನ್ಸೇ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಪ್ಯಾಕೇಜ್ ಹೇಳುವುದೂ ಅನೌನ್ಸೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ದರ ತೀರ್ಮಾನಿಸಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಊರೂರಿನಲ್ಲಿ ಆ ಮಾತೇ ಮಾತು. ತೀರ್ಮಾನ ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಯಾವ ಸರ್ವೆ ನಂಬರು, ಯಾರ ಹೆಸರು, ಎಷ್ಟು ಗುಂಟೆ ಎಂಬುದು ಅದರಲ್ಲಿ ಇರುವುದಿಲ್ಲ. ಅಷ್ಟರಿಂದಲೇ ಒಂದು ಗುಂಟೆಯೂ ಕೈ ಬದಲಾಗುವುದಿಲ್ಲ. ಬಿತ್ತುವವರು ಬಿತ್ತಲಿ.

ನೋಟಿಫೈ ಎನ್ನುವುದೇ ಮೋಸದ ಶಬ್ದ. ದಿನಬಳಕೆಯ ಇಂಗ್ಲಿಷಿನಲ್ಲಿ ಅದು ಬಹಳ ಹಗುರ. ಮೊಬೈಲ್ ಟಿಂಗ್ ಅಂದರೆ ಅದೂ ನೋಟಿಫಿಕೇಶನ್. ನಮ್ಮ ಕಾನೂನಿನಲ್ಲಿ ಅದಕ್ಕೆ ಗೆಜೆಟ್‌ನ ಭಾರವಿದೆ. 2013ರ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಆ ಭಾಗದ ಎರಡು ದಿನಪತ್ರಿಕೆಗಳಲ್ಲಿ ಬರಬೇಕು (ಒಂದು ಸ್ಥಳೀಯ ಭಾಷೆಯದ್ದಿರಬೇಕು), ಪಂಚಾಯ್ತಿ ಮತ್ತು ತಹಸೀಲ್ದಾರ್ ಕಚೇರಿಗೂ ಸ್ಥಳೀಯ ಭಾಷೆಯಲ್ಲಿ ಮುಟ್ಟಬೇಕು. ಬಂದ ದಿನದಿಂದ ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಆ ಜಮೀನು ಮಾರುವ ಹಾಗಿಲ್ಲ. ತಕರಾರು ಸಲ್ಲಿಸಲು ಸಿಗುವುದು 60 ದಿನ. ಹಳೆಯ ಕಾಯ್ದೆಯಲ್ಲಿ 30 ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹೊಲದ ಮಾರುಕಟ್ಟೆ ಬೆಲೆ ಲೆಕ್ಕಕ್ಕೆ ಹಿಡಿಯುವುದು ಆ ಅಧಿಸೂಚನೆಯ ದಿನದ್ದು. ಎರಡು ವರ್ಷ ಬಿಟ್ಟು ಪಕ್ಕದ ಹೊಲ ದುಪ್ಪಟ್ಟಿಗೆ ಮಾರಿತೆಂದು ಖರೀದಿ ಪತ್ರ ತಂದು ತೋರಿಸುತ್ತಾರೆ. ಅದರಿಂದ ನಡೆಯುವುದು ಕಡಿಮೆ.

ಅಧಿಸೂಚನೆಯ ಇಂಗ್ಲಿಷ್ ಓದಿದರೆ ಸರ್ಕಾರ ಇನ್ನೂ ಅನುಮಾನದಲ್ಲೇ ಮಾತಾಡುತ್ತಿರುತ್ತದೆ. ಜಮೀನು ‘ಬೇಕಾಗಿದೆ ಅಥವಾ ಬೇಕಾಗಬಹುದು ಎಂದು ಕಂಡುಬಂದಲ್ಲಿ’ ಎನ್ನುವುದು ಅದರ ಧಾಟಿ. ತಕರಾರು ಕೇಳಿ, ವರದಿ ನೋಡಿದ ಮೇಲೆ 19ನೇ ಕಲಂ ಬರುತ್ತದೆ. ಅಲ್ಲಿ ‘ಕಂಡುಬಂದಲ್ಲಿ’ ಹೋಗಿ ‘ಮನವರಿಕೆಯಾದಲ್ಲಿ’ ಆಗುತ್ತದೆ, ಕ್ರಿಯಾಪದವೂ ಡಿಕ್ಲೇರ್‌ಗೆ ಏರುತ್ತದೆ. ಇದು ಇದ್ದದ್ದನ್ನು ತಿಳಿಸುವ ಮಾತಲ್ಲ, ಹೇಳಿದ್ದರಿಂದಲೇ ಆಗಿಬಿಡುವ ಮಾತು. ಈ ಡಿಕ್ಲರೇಶನ್ ಬಂತೆಂದರೆ ಜಮೀನು ಸಾರ್ವಜನಿಕ ಉದ್ದೇಶಕ್ಕೆ ಬೇಕು ಎನ್ನುವುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯ ಎಂದು ಕಾಯ್ದೆಯೇ ಹೇಳುತ್ತದೆ. ಪ್ರಾಥಮಿಕ ಅಧಿಸೂಚನೆಯಾಗಿ 12 ತಿಂಗಳಲ್ಲಿ ಇದು ಬರದಿದ್ದರೆ ಆ ಅಧಿಸೂಚನೆಯೇ ರದ್ದು. ಕೋರ್ಟಿನ ತಡೆ ಇದ್ದ ಅವಧಿ ಲೆಕ್ಕಕ್ಕಿಲ್ಲ, ಅವಧಿ ವಿಸ್ತರಿಸುವ ಅಧಿಕಾರವೂ ಸರ್ಕಾರಕ್ಕಿದೆ. ಆದರೂ ದಿನಾಂಕ ಎಣಿಸುವುದು ಬಿಡಬಾರದು. ನಮ್ಮಲ್ಲಿ ಇದನ್ನು ಎಲ್ಲರೂ ‘ಫೈನಲ್ ನೋಟಿಫಿಕೇಶನ್’ ಅನ್ನುತ್ತಾರೆ, ಕಚೇರಿಯ ಗುಮಾಸ್ತರೂ ಹಾಗೇ ಬರೆಯುತ್ತಾರೆ. ಎರಡನ್ನೂ ನೋಟಿಫಿಕೇಶನ್ ಅಂದುಬಿಟ್ಟಿದ್ದರಿಂದಲೇ “ಅದು ಹಿಂದೇ ಬಂದಿತ್ತಲ್ರಿ” ಎಂದು ಮೊದಲನೆಯದರ ನಕಲು ಹಿಡಿದು ಬರುವವರು ಹೆಚ್ಚು.

ಒಂದು ಕ್ರಿಯಾಪದ ಬಾಕಿ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಗಿಂತ ದೊಡ್ಡ ಉದಾಹರಣೆ ನಮಗೆ ಬೇಕಿಲ್ಲ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅಣೆಕಟ್ಟೆಯಲ್ಲಿ 519.6 ಮೀಟರ್ ಬದಲು 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಅದರಲ್ಲಿ ಒಪ್ಪಿಗೆ ಇದೆ. ಅಂದು ಇಲ್ಲಿ ಸಿಹಿ ಹಂಚಿದವರೂ ಇದ್ದರು, ಮತ್ತೆ ಮುಳುಗಡೆ ಬಂತೆಂದು ಕಂಗೆಟ್ಟವರೂ ಇದ್ದರು. ಆದರೆ 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆಯ ಪ್ರಕಾರ ಅಂಥ ತೀರ್ಪಿಗೆ ಸುಪ್ರೀಂ ಕೋರ್ಟ್ ಆದೇಶದಷ್ಟು ಬಲ ಬರುವುದು ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪಬ್ಲಿಶ್ ಮಾಡಿದ ಮೇಲೆ. 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮುಂದಿನ ಆದೇಶದವರೆಗೆ ಪ್ರಕಟಿಸಬೇಡಿ ಎಂದಿತು. 2013ರಲ್ಲಿ ಮಂಡಳಿ ಸ್ಪಷ್ಟೀಕರಣದ ವರದಿಯನ್ನೂ ಕೊಟ್ಟಿತು. ತೀರ್ಪು ಬಂದದ್ದು ನಿಜ, ಓದಿದ್ದೇವೆ, ವಾದದಲ್ಲಿ ಉಲ್ಲೇಖಿಸುತ್ತೇವೆ. ಪಬ್ಲಿಶ್ ಎಂಬ ಒಂದು ಕೆಲಸಕ್ಕೆ, ಆ ಎತ್ತರವನ್ನೇ ನಂಬಿದ ಇಡೀ ಮೂರನೇ ಹಂತ ಕಾಯುತ್ತ ಬಂತು.

ಪ್ರೊಕ್ಲೇಮ್ ಈಗ ಅಪರೂಪ. ಕನ್ನಡದಲ್ಲಿ ಇದಕ್ಕೆ ಸರಿಸಮ ಡಂಗುರ ಸಾರುವುದು, ಕಾನೂನೂ ಅದನ್ನೇ ಹೇಳುತ್ತದೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆರ್ಡರ್, 54ನೇ ನಿಯಮದಲ್ಲಿ ಸ್ಥಿರಾಸ್ತಿ ಜಪ್ತಿಯ ಆದೇಶವನ್ನು ಆ ಜಾಗದಲ್ಲೇ ಡೋಲು ಬಾರಿಸಿ ಅಥವಾ ರೂಢಿಯ ರೀತಿಯಲ್ಲಿ ಸಾರಬೇಕೆಂದಿದೆ. ಆದೇಶ ಜಾರಿ ಮಾಡುವ ಕೋರ್ಟಿನ ಬೇಲಿಫ್‌ನ ವರದಿಯಲ್ಲಿ ಡೋಲು ತಪ್ಪದೆ ಇರುತ್ತದೆ. ಓಣಿಯವರಿಗೆ ಕೇಳಿಸಿತ್ತೇ ಎನ್ನುವುದು ಬೇರೆ ಮಾತು.

ಕ್ಲೇಮ್ ಬಗ್ಗೆ ಒಂದೆರಡು ಮಾತು. ಪತ್ರಿಕೆಯ ಇಂಗ್ಲಿಷಿನಲ್ಲಿ ಯಾರೋ ಏನನ್ನೋ ಕ್ಲೇಮ್ ಮಾಡಿದರು ಅಂದರೆ ಬರೆದವನಿಗೆ ನಂಬಿಕೆಯಿಲ್ಲ ಎಂಬ ಸುಳಿವು ಅದರಲ್ಲಿರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ 21ನೇ ಕಲಂ ನೋಟಿಸಿನಲ್ಲಿ ಹಾಗಿಲ್ಲ. ಅಲ್ಲಿ ಅದು ಪರಿಹಾರದ ಬೇಡಿಕೆ. ಇಂಜಿನಿಯರಿಂಗ್ ಓದಿದ ಹುಡುಗನೊಬ್ಬ ನೋಟಿಸ್ ಓದಿ, “ನಾವು ಸುಳ್ಳ ಹೇಳ್ತೀವಂತ ಬರದಾರೇನ್ರಿ ಸರ್?” ಎಂದು ಸಿಟ್ಟಾಗಿದ್ದ. ಆ ಸಿಟ್ಟಿನಲ್ಲಿ ಉತ್ತರ ಕೊಡದೆ ಬಿಟ್ಟಿದ್ದರೆ ನಷ್ಟ ಅವನ ತಂದೆಗೇ ಆಗುತ್ತಿತ್ತು.

ಆಮೇಲೆ ಅವಾರ್ಡ್. ಶಾಲೆಯ ಪ್ರಶಸ್ತಿಯಲ್ಲ ಇದು, ಐತೀರ್ಪು. ಭೂಸ್ವಾಧೀನಾಧಿಕಾರಿ ಇಷ್ಟು ಪರಿಹಾರ ಎಂದು ಬರೆದು ಸಹಿ ಹಾಕುವುದು. ಇದಕ್ಕೂ ಡಿಕ್ಲರೇಶನ್ ಆಗಿ 12 ತಿಂಗಳ ಗಡುವಿದೆ. ಇಲ್ಲಿ ರೈತನೂ ಮಾತಾಡಬೇಕು, ಅವನ ಕ್ರಿಯಾಪದವೂ ಲೆಕ್ಕಕ್ಕೆ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕಿ ಒಪ್ಪಿಗೆಯ ಐತೀರ್ಪು ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ. ಅದು ತಪ್ಪು ಆಯ್ಕೆ ಎನ್ನಲಾರೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಲಾಗದ ವಯಸ್ಸಾದವರಿಗೆ ನಾನೇ ಹೇಳಿದ್ದಿದೆ. ಒಪ್ಪದವರು ಮಾತ್ರ ಹಣ ಪಡೆಯುವಾಗ ‘ತಕರಾರಿಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಬರೆದೇ ಸಹಿ ಮಾಡಬೇಕು. ಕಚೇರಿಯಲ್ಲಿ ಇದನ್ನೇ ‘ಅಂಡರ್ ಪ್ರೊಟೆಸ್ಟ್’ ಎನ್ನುವುದು. ಬರೆಯದೆ ಪಡೆದವರು ಹೆಚ್ಚಿನ ಪರಿಹಾರ ಕೇಳುವ 64ನೇ ಕಲಂ ಅರ್ಜಿ ಹಾಕುವಂತಿಲ್ಲ. ಬರೆದವರಿಗೂ ಸಮಯ ಹೆಚ್ಚಿಲ್ಲ: ಐತೀರ್ಪಿನ ಹೊತ್ತಿಗೆ ಹಾಜರಿದ್ದರೆ ಆರು ವಾರ; ಇಲ್ಲದಿದ್ದರೆ ನೋಟಿಸ್ ಕೈಸೇರಿ ಆರು ವಾರ ಅಥವಾ ಐತೀರ್ಪಾಗಿ ಆರು ತಿಂಗಳು, ಯಾವುದು ಮೊದಲೋ ಅದು. ಖಾತೆಗೆ ನೇರ ಹಣ ಹಾಕುವ ಈ ಕಾಲದಲ್ಲಿ ಸಹಿ ಮಾಡುವ ಕಾಗದವೇ ಎಷ್ಟೋ ಸಲ ಕೈಗೆ ಬರುವುದಿಲ್ಲ. ಹಾಗಾಗಿ ಹಣ ಬರುವ ಮೊದಲೇ ಆ ಸಾಲನ್ನು ಅರ್ಜಿಯಲ್ಲಿ ಬರೆದು ಕೊಟ್ಟು, ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯನ್ನು ಉತಾರದ ಜೊತೆ ಇಟ್ಟುಕೊಳ್ಳಿ.