ಚಪ್ಪಟೆಹುಳುವಿನ ಸ್ನಾಯು ಮತ್ತು ಕ್ಯಾಲ್ಸಿಯಂ ಬಾಗಿಲು

ಮನುಷ್ಯರ ರಕ್ತನಾಳದೊಳಗೆ ಬದುಕುವ ಪರಾವಲಂಬಿ ಚಪ್ಪಟೆಹುಳು ಶಿಸ್ಟೊಸೋಮದಿಂದ ಬಿಡಿಸಿದ ಒಂಟಿ ಸ್ನಾಯುತಂತು ಸೂಕ್ಷ್ಮದರ್ಶಕದ ಕೆಳಗೆ ಹರಿದ ದಾರದ ತುಣುಕಿನ ಹಾಗೆ ಸುಮ್ನೆ ಬಿದ್ದಿರುತ್ತದೆ. ಪೊಟ್ಯಾಸಿಯಂ ಜಾಸ್ತಿ ಇರುವ ದ್ರಾವಣ ತಾಗಿಸಿದರೆ ಸಾಕು, ನೋಡನೋಡುತ್ತಲೇ ಮುದುಡಿಕೊಳ್ಳುತ್ತದೆ. ಆದರೆ ಒಂದು ಷರತ್ತಿದೆ. ದ್ರಾವಣದಲ್ಲಿ ಮೊದಲೇ ಸೆರೊಟೋನಿನ್ ಎಂಬ ನರಸಂದೇಶದ ರಾಸಾಯನಿಕ ಇರಬೇಕು. ಇಲ್ಲದಿದ್ದರೆ ತಂತು ಅಲುಗಾಡುವುದೇ ಕಷ್ಟ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ತಂದಿಲ್ಲ.

ಮುದುಡಿಸುವುದು ಕ್ಯಾಲ್ಸಿಯಂ. ಜೀವಕೋಶದ ಹೊರಗೆ ಇರುವುದಕ್ಕೆ ಹೋಲಿಸಿದರೆ ಒಳಗೆ ತೇಲಾಡುವ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಒಂದು ಬಾಗಿಲು ಚೂರು ತೆರೆದರೂ ಒಳಗೆ ನುಗ್ಗುತ್ತದೆ. ಪ್ರಶ್ನೆ ಇಷ್ಟೇ: ಯಾವ ಬಾಗಿಲು?

ನಮ್ಮ ಕೈಕಾಲಿನ ಸ್ನಾಯು ಹೊರಗಿನ ಕ್ಯಾಲ್ಸಿಯಂಗೆ ಕಾಯುವುದಿಲ್ಲ. ಪೊರೆಯ ಮೇಲಿನ ಪ್ರೋಟೀನ್ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲನ್ನು ನೇರವಾಗಿ ಎಳೆದು ತೆರೆಯುತ್ತದೆ. ಆ ಬಾಗಿಲೇ ರಯನೊಡಿನ್ ಗ್ರಾಹಕ. ಹೃದಯ ಹಾಗಲ್ಲ. ಅದಕ್ಕೆ ಹೊರಗಿನಿಂದ ಸ್ವಲ್ಪ ಬರಲೇಬೇಕು. ಕಪ್ಪೆಯ ಹೃದಯ ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಬಡಿತ ನಿಲ್ಲಿಸುವುದನ್ನು ಸಿಡ್ನಿ ರಿಂಗರ್ 1883ರಲ್ಲೇ ತೋರಿಸಿದ್ದರು.

ಚಪ್ಪಟೆಹುಳು ಹೃದಯದ ಕಡೆಗೇ ವಾಲುತ್ತದೆ. ಅದರ ಮೈಗೋಡೆಯ ಸ್ನಾಯುವಿನಲ್ಲಿ ನಮ್ಮ ಸ್ನಾಯುವಿನ ಹಾಗೆ ಪಟ್ಟೆಗಳಿಲ್ಲ, ಪೊರೆಯನ್ನು ಆಳಕ್ಕೆ ಒಯ್ಯುವ ಕೊಳವೆಗಳೂ ಇಲ್ಲ. ಪೊಟ್ಯಾಸಿಯಂ ತಾಗಿದಾಗ ಬರುವ ಮುದುಡುವಿಕೆಗೆ ಹೊರಗಿನ ಕ್ಯಾಲ್ಸಿಯಂ ಬೇಕು. ಹಾಗಂತ ಉಗ್ರಾಣ ಖಾಲಿ ಅಂದುಕೊಳ್ಳಬೇಡಿ. ಕೆಫೀನ್ ಹಾಕಿದರೆ ಇದೇ ತಂತು ಮುದುಡುತ್ತದೆ, ಯಾಕೆಂದರೆ ಕೆಫೀನ್ ರಯನೊಡಿನ್ ಗ್ರಾಹಕವನ್ನು ತೆರೆಯುತ್ತದೆ. ಅಂದರೆ ಹೊರಪೊರೆಯದು, ಉಗ್ರಾಣದ್ದು, ಎರಡೂ ಬಾಗಿಲುಗಳಿವೆ.

ಕೊಳದ ಕಲ್ಲಿನಡಿ ಸ್ವತಂತ್ರವಾಗಿ ಬದುಕುವ ಪ್ಲನೇರಿಯಾ ಕೂಡ ಇದೇ ಬಳಗದ್ದು. ಅದು ಮಾಮೂಲಿಯಾಗಿ ಹೊಟ್ಟೆಯಡಿಯ ಸಣ್ಣ ರೋಮಗಳಿಂದ ಜಾರುತ್ತಾ ಸಾಗುತ್ತದೆ. ತಿರುಗಲು, ಅಪಾಯ ಕಂಡು ಮೈ ಕುಗ್ಗಿಸಲು, ತಿನ್ನುವಾಗ ಗಂಟಲಕೊಳವೆ ಹೊರಚಾಚಲು ಮಾತ್ರ ಸ್ನಾಯು ಬೇಕು. ಶಿಸ್ಟೊಸೋಮಕ್ಕೆ ಆ ಸೌಕರ್ಯವಿಲ್ಲ. ರಕ್ತನಾಳದೊಳಗೆ ಹರಿವಿಗೆ ಎದುರಾಗಿ ಹೀರುಬಟ್ಟಲಿನಿಂದ ಕಚ್ಚಿಕೊಂಡೇ ಇರಬೇಕು, ವರ್ಷಗಟ್ಟಲೆ.

ಶಿಸ್ಟೊಸೋಮಕ್ಕೆ ಕೊಡುವ ಔಷಧ ಪ್ರಾಜಿಕ್ವಾಂಟೆಲ್ ಹೊಡೆಯುವುದು ಈ ಹಿಡಿತಕ್ಕೇ. ಔಷಧ ತಾಗಿದ ಕೆಲವೇ ಸೆಕೆಂಡಿನಲ್ಲಿ ಹುಳುವಿನ ಮೈಯೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ, ಸಡಿಲವಾಗುವುದೇ ಇಲ್ಲ. ಹಿಡಿತ ತಪ್ಪಿದ ಹುಳು ರಕ್ತದ ಜೊತೆ ಯಕೃತ್ತಿಗೆ ತೇಲಿಹೋಗುತ್ತದೆ. ಚರ್ಮಕ್ಕೂ ಗಾಯವಾಗಿ, ಅಲ್ಲಿಂದ ಮುಂದೆ ರೋಗನಿರೋಧಕ ಕಣಗಳ ಕೈಗೆ ಸಿಗುತ್ತದೆ. 1970ರ ದಶಕದಲ್ಲೇ ಬಂದ ಔಷಧ ಇದು. ಆದರೂ ಅದು ತೆರೆಯುವ ಬಾಗಿಲು ಟಿಆರ್‌ಪಿಎಂ ಎಂಬ ಪ್ರೋಟೀನ್ ಬಳಗದ ಒಂದು ಚಾನೆಲ್ (ಪೊರೆಯಲ್ಲಿ ಕ್ಯಾಲ್ಸಿಯಂ ಹಾಯಲು ಬಿಡುವ ದಾರಿ) ಎಂದು ಗೊತ್ತಾಗಿದ್ದು 2019ರಲ್ಲಿ. ಅಷ್ಟೂ ವರ್ಷ ಕೀಲಿಕೈ ಇತ್ತು, ಬೀಗ ಕಂಡಿರಲಿಲ್ಲ.

ಯಕೃತ್ತಿನ ಹುಳು ಫ್ಯಾಸಿಯೋಲಾಗೆ ಇದೇ ಔಷಧ ನಾಟುವುದಿಲ್ಲ. ಅದರಲ್ಲೂ ಆ ಚಾನೆಲ್ ಇದೆ. ಔಷಧ ಕೂರುವ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ, ಅಷ್ಟೇ. ಫ್ಯಾಸಿಯೋಲಾಗೆ ಟ್ರೈಕ್ಲಾಬೆಂಡಜೋಲ್ ಎಂಬ ಬೇರೆ ಔಷಧ ಕೊಡುತ್ತಾರೆ.