ಮನೆ ಅಂಗಡಿಯಾದಾಗ ಮೆಟ್ಟಿಲಿಗೆ ಏನಾಯಿತು?

ಬ್ರಿಟನ್ನಿನ ಹಳೆಯ ಪೇಟೆಬೀದಿಗಳಲ್ಲಿ ಕಟ್ಟಡದ ವಯಸ್ಸು ತಿಳಿಯಬೇಕಾದರೆ ಕತ್ತೆತ್ತಿ ನೋಡಬೇಕು. ಕೆಳಗೆ ಅಗಲವಾದ ಗಾಜು, ನಾಮಫಲಕ. ಮೇಲೆ ಹದಿನೆಂಟನೆಯ ಶತಮಾನದ ಸಾಲುಮನೆಯ ಎತ್ತರದ ಕಿಟಕಿಗಳು. ಆ ಕಿಟಕಿಗಳ ಹಿಂದಿನ ಕೋಣೆಗಳು ಎಷ್ಟೋ ಕಡೆ ಖಾಲಿ. ವಾಸಕ್ಕೆ ಮನೆ ಸಾಲದ ನಗರಗಳಲ್ಲೂ ಅವು ಪಾಳುಬಿದ್ದಿವೆ. ಇದಕ್ಕೆ ಮುಖ್ಯ ಕಾರಣ, ಅಲ್ಲಿಗೆ ಹತ್ತಿ ಹೋಗುವ ದಾರಿಯೇ ಉಳಿದಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋದ ನ್ಯೂ ಟೌನ್ ಬಡಾವಣೆ ನೋಡಿ. ವಾಸ್ತುಶಿಲ್ಪಿ ಜೇಮ್ಸ್ ಕ್ರೇಗ್ 1767ರಲ್ಲಿ ಅಂತಿಮಗೊಳಿಸಿದ ನಕ್ಷೆಯಲ್ಲಿ ಪ್ರಿನ್ಸಸ್ ಸ್ಟ್ರೀಟ್, ಜಾರ್ಜ್ ಸ್ಟ್ರೀಟ್ ಎರಡೂ ಅನುಕೂಲಸ್ಥರ ವಾಸಕ್ಕೆಂದು ಹಾಕಿದ ಬೀದಿಗಳು. ಬೀದಿಗೂ ಮನೆಗೂ ನಡುವೆ ಒಂದು ತಗ್ಗಿನ ಅಂಗಳ. ನೆಲಮಾಳಿಗೆಯ ಅಡುಗೆಮನೆಗೆ ಬೆಳಕು ಅಲ್ಲಿಂದ. ತಗ್ಗನ್ನು ದಾಟಿಸುವ ಕಲ್ಲುಹಾಸು, ಮುಂಬಾಗಿಲು, ಹಜಾರ, ಅಲ್ಲಿಂದ ಮೇಲಕ್ಕೇರುವ ಮೆಟ್ಟಿಲು. ಇಡೀ ಮನೆ ಆ ಮೆಟ್ಟಿಲನ್ನು ನಂಬಿಕೊಂಡೇ ನಿಂತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರಿಗಳು ಬಂದಾಗ ಮೊದಲು ಹೋದದ್ದು ತಗ್ಗಿನ ಅಂಗಳ. ಅದರ ಮೇಲೆ ಚಾವಣಿ ಹೊದಿಸಿ ಅಂಗಡಿಯನ್ನು ಪಾದಚಾರಿ ಹಾದಿಯ ಅಂಚಿನವರೆಗೆ ತಂದರು. ಲಂಡನ್ನಿನಲ್ಲಿ 1774ರ ಕಟ್ಟಡ ಕಾಯ್ದೆ ಅಂಗಡಿಯ ಕಿಟಕಿ ಅಗಲವಾದ ಬೀದಿಯಲ್ಲಿ 10 ಅಂಗುಲಕ್ಕಿಂತ, ಕಿರಿದಾದ ಬೀದಿಯಲ್ಲಿ 5 ಅಂಗುಲಕ್ಕಿಂತ ಹೆಚ್ಚು ಮುಂಚಾಚಬಾರದೆಂದು ಹೇಳಿತ್ತು. ಚಿಕ್ಕ ಚಿಕ್ಕ ಗಾಜಿನ ಚೌಕಗಳನ್ನು ಕೂಡಿಸಿದ, ಮೆಲ್ಲಗೆ ಬಾಗಿದ ಆ ಕಾಲದ ಕಿಟಕಿಗಳಷ್ಟು ಚೆಲುವಾದ ಮುಂಗಟ್ಟು ಮತ್ತೆ ಬರಲಿಲ್ಲ ಎಂದೇ ನನ್ನ ಅನಿಸಿಕೆ.

1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಯಿತು. ದೊಡ್ಡ ಗಾಜು ಅಗ್ಗವಾಯಿತು. ಅದನ್ನು ಕೂರಿಸಲು ನೆಲಮಹಡಿಯ ಮುಂಗೋಡೆಯೇ ಅಡ್ಡಿಯಾಯಿತು. ಮೇಲಿನ ಗೋಡೆಗೆ ತಾತ್ಕಾಲಿಕ ಆಸರೆ ಕೊಟ್ಟು, ಕೆಳಗಿನ ಗೋಡೆಯನ್ನು ಒಡೆದು, ಆ ಜಾಗದಲ್ಲಿ ಅಡ್ಡಲಾಗಿ ಒಂದು ತೊಲೆ ತೂರಿಸುತ್ತಿದ್ದರು. ತೊಲೆಯ ಕೆಳಗೆ ಎರಕದ ಕಬ್ಬಿಣದ ಸಪೂರ ಕಂಬಗಳು. ಎರಡು ಮೂರು ಮಹಡಿಗಳ ಇಟ್ಟಿಗೆ ಅಥವಾ ಕಲ್ಲಿನ ಭಾರವೆಲ್ಲ ಅದರ ಮೇಲೆ. ತೊಲೆ ಮರದ್ದಾಗಿದ್ದರೆ ನಾಮಫಲಕದ ಹಿಂದಿನಿಂದ ಇಳಿಯುವ ಮಳೆನೀರು ಅದನ್ನು ಸದ್ದಿಲ್ಲದೆ ಕೊಳೆಸುತ್ತದೆ. ಅಂಥ ಕಟ್ಟಡವನ್ನು ಬೀದಿಯಿಂದಲೇ ಗುರುತಿಸಬಹುದು: ಮೊದಲ ಮಹಡಿಯ ಕಿಟಕಿಗಳ ಕೆಳಅಂಚು ನಡುವೆ ತುಸು ಜಗ್ಗಿರುತ್ತದೆ, ಕಿಟಕಿಯ ಮೂಲೆಯಿಂದ ಬಿರುಕು ಓರೆಯಾಗಿ ಹೊರಟಿರುತ್ತದೆ.

ಇಷ್ಟಾದರೂ ಆಗ ಮನೆ ಸತ್ತಿರಲಿಲ್ಲ. ಅಂಗಡಿಯವರು ಅದರ ಮೇಲೆಯೇ ಸಂಸಾರ ಹೂಡುತ್ತಿದ್ದರು. ಮುಂಗಟ್ಟಿನ ಪಕ್ಕದಲ್ಲಿ ಮನೆಯ ಬಾಗಿಲು ಹಾಗೇ ಇರುತ್ತಿತ್ತು. ಪೆಟ್ಟು ಬಿದ್ದದ್ದು ಮಾಲೀಕರು ಹೊರವಲಯದ ಬಡಾವಣೆಗಳಿಗೆ ಹೊರಟು, ಸರಣಿ ಮಳಿಗೆಗಳು ಇಡೀ ಕಟ್ಟಡವನ್ನು ಗುತ್ತಿಗೆಗೆ ಹಿಡಿದಾಗ. ಆ ಮಳಿಗೆಗಳಿಗೆ ಬೇಕಾದದ್ದು ಬೀದಿಗೆ ತೆರೆದ ಅಗಲ ಮಾತ್ರ. ಪಕ್ಕದ ಬಾಗಿಲೂ ಅದರ ಹಿಂದಿನ ಮೆಟ್ಟಿಲೂ ಆ ಅಗಲವನ್ನು ತಿನ್ನುತ್ತವೆಂದು ಕಿತ್ತು ಹಾಕಿದರು. ಉಳಿದ ಮಹಡಿ ದಾಸ್ತಾನಿಗಾಯಿತು, ಇಲ್ಲವೇ ಪಾರಿವಾಳಗಳ ಪಾಲಾಯಿತು.

ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಬೇರೆಯದೇ ದಾರಿ ಕಾಣುತ್ತದೆ. ಅಲ್ಲಿನ ಒಂದು ಶ್ರೀಮಂತ ಮನೆಯನ್ನು 1917ರಲ್ಲಿ ಮುತ್ತಿನ ಹಾರ ಮತ್ತು 100 ಡಾಲರಿಗೆ ಪಡೆದ ಕಾರ್ಟಿಯೇ ಸಂಸ್ಥೆ ಅದನ್ನು ಆಭರಣ ಮಳಿಗೆಯಾಗಿಸಿತು. ವ್ಯಾಪಾರವೇ ಮೇಲಿನ ಮಹಡಿಗಳಿಗೂ ಏರಿದ್ದರಿಂದ ಅವು ಬರಿದಾಗಲಿಲ್ಲ. ಆದರೆ ಅಷ್ಟು ಹಣವಿರುವ ಅಂಗಡಿಗಳು ಬೆರಳೆಣಿಕೆಯಷ್ಟು.

ಬ್ರಿಟನ್ನಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ 1947ರ ಯೋಜನಾ ಕಾಯ್ದೆ ಗಟ್ಟಿ ನೆಲೆ ಕೊಟ್ಟಿತು; ಇಡೀ ಪ್ರದೇಶಗಳನ್ನು ಸಂರಕ್ಷಿಸುವ ಅಧಿಕಾರ 1967ರಲ್ಲಿ ಬಂತು. ಅಷ್ಟರೊಳಗೆ ಎಷ್ಟೋ ಮೆಟ್ಟಿಲುಗಳು ಹೋಗಿಯಾಗಿದ್ದವು. ಅವನ್ನು ಮರಳಿ ಕಟ್ಟುವುದು ಅಸಾಧ್ಯವೇನಲ್ಲ. ಹಿಂಭಾಗದ ಓಣಿಯಿಂದ ಹೊಸ ಮೆಟ್ಟಿಲು ಏರಿಸಬಹುದು, ಎರಡು ಮೂರು ಕಟ್ಟಡಗಳ ಮಹಡಿಗಳನ್ನು ಒಂದೇ ಮೆಟ್ಟಿಲಿಗೆ ಜೋಡಿಸಬಹುದು. ಬೆಂಕಿ ಸುರಕ್ಷತೆಯ ನಿಯಮ, ಅಂಗಡಿಯ ಗುತ್ತಿಗೆ ಕರಾರು, ವಿಮೆ ಒಂದೊಂದೂ ತಕರಾರು ತೆಗೆಯುತ್ತವೆ. ಹೊಸ ಮುಂಗಟ್ಟಿಗೆ ಅನುಮತಿ ಕೊಡುವಾಗ ನಾಮಫಲಕದ ಅಕ್ಷರದ ಅಳತೆ, ಬಣ್ಣದ ಛಾಯೆಗಳವರೆಗೆ ಚರ್ಚೆ ನಡೆಯುತ್ತದೆ. ಮೇಲಕ್ಕೆ ಹೋಗುವ ಬಾಗಿಲನ್ನು ಕಡ್ಡಾಯವಾಗಿ ಉಳಿಸಬೇಕು ಎಂಬ ಷರತ್ತು ಎಲ್ಲಕ್ಕಿಂತ ಮೊದಲು ಬರಬೇಕು.