ನಕ್ಷತ್ರ ಅಂಗಡಿಗಲ್ಲ, ಸರಕಿಗೆ

ದಾವಣಗೆರೆಯಲ್ಲಿ ವೆಬ್‌ಸೈಟ್ ಮಾಡಿಸಲು ಬರುವವರು ಖರ್ಚಿನ ಮಾತು ಮುಗಿದ ಕೂಡಲೇ ಕೇಳುವ ಪ್ರಶ್ನೆ ಒಂದಿದೆ: ‘ಗೂಗಲ್‌ನಲ್ಲಿ ಹುಡುಕಿದರೆ ಕೆಲವು ಸೈಟ್‌ಗಳ ಹೆಸರಿನ ಕೆಳಗೆ ಹಳದಿ ನಕ್ಷತ್ರಗಳು ಬರುತ್ತವಲ್ಲ, ನಮ್ಮದಕ್ಕೂ ಹಾಕಿಕೊಡುತ್ತೀರಾ?’ ದಂತ ವೈದ್ಯರೂ ಕೇಳುತ್ತಾರೆ, ಮಂಡಿಪೇಟೆಯ ವ್ಯಾಪಾರಿಗಳೂ ಕೇಳುತ್ತಾರೆ, ಸೀರೆ ಮಾರುವವರೂ ಕೇಳುತ್ತಾರೆ. ಎಲ್ಲರಿಗೂ ‘ಆಯಿತು’ ಎಂದು ಹೇಳಿ ಹಣ ಪಡೆಯುವವರು ನಮ್ಮ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಆ ನಕ್ಷತ್ರ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬ ನಿಯಮ ಸ್ಪಷ್ಟವಾಗಿಯೇ ಇದೆ. ಅದನ್ನು ತಿಳಿದುಕೊಂಡರೆ ಕೈಯಿಂದ ಹೋಗುವ ದುಡ್ಡೂ ಉಳಿಯುತ್ತದೆ, ಸೈಟಿನ ಮರ್ಯಾದೆಯೂ ಉಳಿಯುತ್ತದೆ.

ಗೂಗಲ್‌ನಲ್ಲಿ ನಕ್ಷತ್ರ ಕಾಣಿಸುವ ಜಾಗ ಮುಖ್ಯವಾಗಿ ಎರಡು. ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಹುಡುಕಿದಾಗ ನಕ್ಷೆಯ ಜೊತೆಗೆ ಹೋಟೆಲುಗಳ ಪಟ್ಟಿ ಬರುತ್ತದೆ. ಅಲ್ಲಿನ ನಕ್ಷತ್ರಗಳು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ, ಅಂದರೆ ಗೂಗಲ್‌ನಲ್ಲೇ ಇರುವ ಆ ವ್ಯಾಪಾರದ ಪರಿಚಯ ಪುಟದಲ್ಲಿ, ಜನರು ಬರೆದ ಅಭಿಪ್ರಾಯದಿಂದ ಹುಟ್ಟಿದವು. ವೆಬ್‌ಸೈಟೇ ಇಲ್ಲದ ಹೋಟೆಲಿಗೂ ಅವು ಬರುತ್ತವೆ. ಇನ್ನೊಂದು ಜಾಗ ಅದರ ಕೆಳಗಿನ ಸಾಮಾನ್ಯ ಫಲಿತಾಂಶಗಳದ್ದು. ಅಲ್ಲಿ ಒಂದು ಪುಟದ ಶೀರ್ಷಿಕೆಯ ಬಳಿ ‘4.6, 38 ವಿಮರ್ಶೆಗಳು’ ಎಂಬಂತಹ ಸಾಲು ಕಾಣಿಸುತ್ತದೆ. ಇದು ಬರಬೇಕಾದರೆ ಪುಟದೊಳಗೆ ಯಂತ್ರ ಓದಬಲ್ಲ ಒಂದು ತುಣುಕು ಮಾಹಿತಿ ಇರಬೇಕು. ಜನ ಕೇಳುವುದು ಎರಡನೆಯದನ್ನು; ಅವರಲ್ಲಿ ಹಲವರಿಗೆ ನಿಜವಾಗಿ ಬೇಕಿರುವುದು ಮೊದಲನೆಯದು.

ಗೂಗಲ್ ಇಂತಹ ಫಲಿತಾಂಶಗಳನ್ನು ರಿಚ್ ಸ್ನಿಪೆಟ್ ಎಂಬ ಹೆಸರಿನಲ್ಲಿ ಆರಂಭಿಸಿದ್ದು 2009ರ ಮೇ ತಿಂಗಳಲ್ಲಿ. 2011ರ ಜೂನ್‌ನಲ್ಲಿ ಗೂಗಲ್, ಯಾಹೂ, ಬಿಂಗ್ ಸೇರಿಕೊಂಡು ಸ್ಕೀಮಾ ಡಾಟ್ ಆರ್ಗ್ ಎಂಬ ಸಾಮಾನ್ಯ ಪದಕೋಶವನ್ನು ರೂಪಿಸಿದವು. ಇದು ವಸ್ತು, ಇದು ಅದರ ಹೆಸರು, ಇದು ಅದರ ಸರಾಸರಿ ಅಂಕ, ಇಷ್ಟು ಜನ ಅಂಕ ಕೊಟ್ಟಿದ್ದಾರೆ ಎಂದು ಯಂತ್ರಕ್ಕೆ ತಿಳಿಸುವ ಒಪ್ಪಿತ ಪದಗಳು ಅದರಲ್ಲಿವೆ. ಈ ಪದಗಳನ್ನು ಪುಟದ ಕೋಡಿನಲ್ಲಿ ಬರೆಯಲು ಈಗ ಗೂಗಲ್ ಶಿಫಾರಸು ಮಾಡುವ ರೂಪ ಜೇಸನ್-ಎಲ್‌ಡಿ. ‘ಅಗ್ರಿಗೇಟ್‌ರೇಟಿಂಗ್’ ಎಂಬ ಭಾಗದಲ್ಲಿ ‘ರೇಟಿಂಗ್‌ವ್ಯಾಲ್ಯೂ’, ಅಂದರೆ ಸರಾಸರಿ ಅಂಕ, ಇರಲೇಬೇಕು. ‘ರೇಟಿಂಗ್‌ಕೌಂಟ್’ (ಎಷ್ಟು ಅಂಕಗಳು) ಅಥವಾ ‘ರಿವ್ಯೂಕೌಂಟ್’ (ಎಷ್ಟು ವಿಮರ್ಶೆಗಳು) ಎರಡರಲ್ಲಿ ಒಂದಾದರೂ ಇರಬೇಕು. ಯಾವ ವಸ್ತುವಿಗೆ ಈ ಅಂಕ ಎಂಬ ಹೆಸರೂ ಬೇಕು. ಗರಿಷ್ಠ, ಕನಿಷ್ಠ ಅಂಕ ಹೇಳದಿದ್ದರೆ ಐದು ಮತ್ತು ಒಂದು ಎಂದು ಲೆಕ್ಕ. ಕೋಡಿನ ಕೆಲಸ ಇಷ್ಟೇ. ತಿಳಿದವರಿಗೆ ಅರ್ಧ ಗಂಟೆಯೂ ಹಿಡಿಯದು. ಇದಕ್ಕೆ ಯಾರಾದರೂ ಹತ್ತಾರು ಸಾವಿರ ಕೇಳಿದರೆ ದಯವಿಟ್ಟು ಎರಡು ಸಲ ಯೋಚಿಸಿ.

ಕಷ್ಟ ಇರುವುದು ಅರ್ಹತೆಯಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನಿಯಮವನ್ನು ಬಿಗಿಗೊಳಿಸಿತು. ಒಂದು ಸಂಸ್ಥೆ ಅಥವಾ ಸ್ಥಳೀಯ ವ್ಯಾಪಾರ ತನ್ನ ಬಗ್ಗೆ ಬಂದ ವಿಮರ್ಶೆಯನ್ನು ತನ್ನದೇ ಸೈಟಿನಲ್ಲಿ ಪ್ರಕಟಿಸಿ, ಅದಕ್ಕೆ ಕೋಡ್ ಹಚ್ಚಿದರೆ ಅಂತಹ ನಕ್ಷತ್ರವನ್ನು ಅಂದಿನಿಂದ ತೋರಿಸುತ್ತಿಲ್ಲ. ವಿಮರ್ಶೆ ತೋರಿಸುವ ಬೇರೆ ಕಂಪನಿಯ ಸಿದ್ಧ ತುಣುಕು (ವಿಜೆಟ್) ತಂದು ಅಂಟಿಸಿದರೂ ಅಷ್ಟೇ. ಹಾಗಾಗಿ ಚಿಕಿತ್ಸಾಲಯ, ಲಾಡ್ಜ್, ಕಲ್ಯಾಣ ಮಂಟಪ, ಗ್ಯಾರೇಜ್, ಲೆಕ್ಕಪರಿಶೋಧಕರ ಕಚೇರಿ ಇವುಗಳ ಮುಖಪುಟಕ್ಕೆ ನಕ್ಷತ್ರ ಬರುವುದಿಲ್ಲ. ತನ್ನ ಬಗ್ಗೆ ಯಾವ ಮಾತು ಉಳಿಯಬೇಕು, ಯಾವುದು ಅಳಿಯಬೇಕು ಎಂದು ತಾನೇ ನಿರ್ಧರಿಸುವ ಜಾಗದಲ್ಲಿ ಸಿಗುವ ಅಂಕಕ್ಕೆ ಬೆಲೆ ಕಡಿಮೆ ಎಂಬುದು ಅದರ ಹಿಂದಿನ ವಿಚಾರ. ನನಗೆ ಇದು ಸರಿಯಾದ ನಿಯಮವೆಂದೇ ಅನಿಸುತ್ತದೆ. ಸರಕು, ಪಾಕವಿಧಾನ, ಪುಸ್ತಕ, ಕೋರ್ಸ್, ಕಾರ್ಯಕ್ರಮ, ಚಲನಚಿತ್ರ, ಸಾಫ್ಟ್‌ವೇರ್ ಇಂತಹ ಕೆಲವು ಬಗೆಗಳಿಗೆ ಮಾತ್ರ ಬಾಗಿಲು ತೆರೆದಿದೆ.

ಈ ಬಾಗಿಲನ್ನು ಹಿಂದಿನಿಂದ ತೆರೆಯುವ ತಂತ್ರಗಳೂ ಬಂದಿವೆ. ಅವು ನಮ್ಮ ಊರಿನ ಸೈಟ್‌ಗಳಲ್ಲಿ ಎಷ್ಟು ಸಾಮಾನ್ಯವಾಗಿವೆ ಎಂದರೆ, ಹಳೆಯ ಸೈಟ್ ದುರಸ್ತಿಗೆ ಬಂದಾಗ ನಾನು ಮೊದಲು ನೋಡುವುದೇ ಇದನ್ನು. ಪುಟದ ಅಡಿಯಲ್ಲಿ, ಎಲ್ಲ ಪುಟಗಳಲ್ಲೂ ಒಂದೇ ರೀತಿ, ‘4.9, 312 ಮತಗಳು’ ಎಂಬ ಸಾಲು ಇರುತ್ತದೆ. ‘ನಮ್ಮನ್ನು ಸಂಪರ್ಕಿಸಿ’ ಪುಟಕ್ಕೂ 4.9! ಕೋಡ್ ತೆರೆದರೆ ಚಿಕಿತ್ಸಾಲಯವನ್ನು ‘ಪ್ರಾಡಕ್ಟ್’ ಎಂದು ಬರೆದಿರುತ್ತಾರೆ. ಇಲ್ಲವೇ ಧಾರಾವಾಹಿ, ಗ್ರಂಥಮಾಲೆಗಳಿಗೆಂದು ಇರುವ ‘ಕ್ರಿಯೇಟಿವ್‌ವರ್ಕ್‌ಸೀರೀಸ್’ ಎಂಬ ಬಗೆಯನ್ನು ಹಾಕಿರುತ್ತಾರೆ. 2019ರ ನಿಯಮವನ್ನು ತಪ್ಪಿಸಿಕೊಳ್ಳಲು ಹುಟ್ಟಿಕೊಂಡ ದಾರಿ ಇದು. ಸೈಟಿಗೆ ಜೋಡಿಸುವ ಕೆಲವು ಸಿದ್ಧ ಸಾಫ್ಟ್‌ವೇರ್‌ಗಳು (ಪ್ಲಗಿನ್) ಮಾಲೀಕರಿಗೆ ಗೊತ್ತೇ ಆಗದಂತೆ ಇದನ್ನು ಮಾಡುತ್ತವೆ. ತಮ್ಮ ಹಲ್ಲಿನ ಚಿಕಿತ್ಸೆಯನ್ನು ಧಾರಾವಾಹಿ ಎಂದು ಘೋಷಿಸಲಾಗಿದೆ ಎಂದು ತಿಳಿದಾಗ ದಂತ ವೈದ್ಯರಿಗೆ ಬರುವ ಕೋಪ ನ್ಯಾಯವಾದದ್ದು. ಏಕೆಂದರೆ ಸಿಕ್ಕಿಬಿದ್ದರೆ ದಂಡ ತೆರುವುದು ಸೈಟಿನ ಮಾಲೀಕರೇ. ಗೂಗಲ್‌ನ ತಪಾಸಕರು ‘ಮ್ಯಾನ್ಯುಯಲ್ ಆ್ಯಕ್ಷನ್’ ಎಂಬ ಕ್ರಮ ಕೈಗೊಂಡರೆ ಆ ಪುಟಗಳಿಗೆ ಯಾವ ವಿಶೇಷ ಫಲಿತಾಂಶವೂ ಸಿಗುವುದಿಲ್ಲ. ಎಲ್ಲವನ್ನೂ ಸರಿಪಡಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿ ಕಾಯಬೇಕು. ‘ಆದರೆ ಗೂಗಲ್‌ನ ಪರೀಕ್ಷೆಯಲ್ಲೇ ಹಸಿರು ಗುರುತು ಬಂದಿದೆ’ ಎಂದು ವಾದಿಸುವವರಿದ್ದಾರೆ. ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಆ ಪರೀಕ್ಷೆ ನೋಡುವುದು ಕೋಡಿನ ವ್ಯಾಕರಣವನ್ನು ಮಾತ್ರ. ಬರೆದದ್ದು ಸತ್ಯವೇ ಎಂದು ಅದು ನೋಡುವುದಿಲ್ಲ.

ಇನ್ನು ನಕ್ಷತ್ರಕ್ಕೆ ನಿಜವಾಗಿಯೂ ಅರ್ಹರಾದವರ ಮಾತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಅದನ್ನು ಸ್ವಂತ ಸೈಟಿನಲ್ಲಿ ಮಾರುವವರ ಪರಿಸ್ಥಿತಿ ನೋಡಿ. ಸೀರೆ ಒಂದು ಸರಕು, ನಿಯಮದ ಪ್ರಕಾರ ನಕ್ಷತ್ರ ಬರಬಹುದು. ಆದರೂ ಬರುವುದಿಲ್ಲ. ಕಾರಣ, ಪ್ರತಿ ಸೀರೆಗೂ ಒಂದು ಪುಟ ಮಾಡುತ್ತಾರೆ. ಆ ಸೀರೆ ಮಾರಾಟವಾದ ದಿನವೇ ಪುಟ ಅಳಿಸುತ್ತಾರೆ. ಕೊಂಡವರು ಒಂದು ತಿಂಗಳ ನಂತರ, ಮದುವೆಯಲ್ಲಿ ಉಟ್ಟ ಮೇಲೆ, ಎರಡು ಒಳ್ಳೆಯ ಮಾತು ಬರೆಯೋಣವೆಂದು ಬಂದರೆ ಬರೆಯಲು ಜಾಗವೇ ಇರುವುದಿಲ್ಲ. ನಾನು ಇಂತಹವರಿಗೆ ಹೇಳುವುದು ಇದು: ಪುಟವನ್ನು ನೇಯ್ಗೆಯ ಮಾದರಿಗೆ ಮಾಡಿ. ಇಂತಹ ಅಂಚು, ಇಂತಹ ಸೆರಗು, ಇಂತಹ ಬುಟ್ಟಾ ಇರುವ ಮಾದರಿಗೆ ಒಂದು ಹೆಸರು, ಒಂದು ಶಾಶ್ವತ ವಿಳಾಸ. ಬಣ್ಣಗಳು ಅದರೊಳಗೆ ಬರಲಿ, ಹೋಗಲಿ. ಮಗ್ಗದಲ್ಲಿ ಸದ್ಯ ಆ ಸೀರೆ ಇಲ್ಲದಿದ್ದರೆ ‘ದಾಸ್ತಾನು ಇಲ್ಲ’ ಎಂದು ಬರೆದು ಪುಟ ಉಳಿಸಿಕೊಳ್ಳಿ. ವಿಮರ್ಶೆಗಳು ಆ ವಿಳಾಸದಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ. ಬಣ್ಣ, ಅಳತೆಗಳಂತಹ ವ್ಯತ್ಯಾಸಗಳನ್ನು ಒಂದೇ ಗುಂಪಿಗೆ ಸೇರಿಸಿ ಹೇಳುವ ‘ಪ್ರಾಡಕ್ಟ್‌ಗ್ರೂಪ್’ ರಚನೆಯನ್ನು ಗೂಗಲ್ 2024ರಿಂದ ಒಪ್ಪುತ್ತದೆ. ಆದರೆ ‘ನಮ್ಮ ಎಲ್ಲ ರೇಷ್ಮೆ ಸೀರೆಗಳು’ ಎಂಬ ಪಟ್ಟಿಯ ಪುಟಕ್ಕೆ ಒಟ್ಟಾರೆ ಅಂಕ ಹಾಕುವಂತಿಲ್ಲ. ಅಂಕ ನಿರ್ದಿಷ್ಟ ವಸ್ತುವಿಗೇ ಇರಬೇಕು.

ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಮಾರುವವರಿಗೆ ಈ ತೊಂದರೆ ಇಲ್ಲ. ಒಂದು ಲೀಟರ್ ಡಬ್ಬಿ ವರ್ಷವಿಡೀ ಅದೇ ಡಬ್ಬಿ.

ಕನ್ನಡದಲ್ಲಿ ಸೈಟ್ ಮಾಡುವವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪುಟದಲ್ಲಿ ಓದುಗರಿಗೆ ‘೪.೬’ ಎಂದು ಕನ್ನಡ ಅಂಕಿಯಲ್ಲಿ ತೋರಿಸಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಅದೇ ‘೪.೬’ ಕೋಡಿನೊಳಗೆ ಹೋದರೆ ಕೆಲಸ ಕೆಡುತ್ತದೆ. ಸ್ಕೀಮಾ ಡಾಟ್ ಆರ್ಗ್‌ನ ನಿಯಮದಂತೆ ಅಲ್ಲಿ 0ಯಿಂದ 9ರವರೆಗಿನ ಅಂತರರಾಷ್ಟ್ರೀಯ ಅಂಕಿಗಳೇ ಇರಬೇಕು. ದಶಮಾಂಶಕ್ಕೆ ಅಲ್ಪವಿರಾಮ ಹಾಕಬಾರದು, ಚುಕ್ಕಿಯೇ ಬೇಕು. ಸೈಟಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಕೆಲವು ಸಾಫ್ಟ್‌ವೇರ್ ಎಲ್ಲ ಅಂಕಿಗಳನ್ನೂ ತಾನೇ ಬದಲಿಸುತ್ತದೆ, ಕೋಡಿನೊಳಗಿನದ್ದನ್ನೂ ಬಿಡುವುದಿಲ್ಲ. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲೋ ವರ್ಡ್ ಕಡತದಲ್ಲೋ ಕಳುಹಿಸಿದ ಕೋಡನ್ನು ನಕಲು ಮಾಡಿ ಹಾಕುವುದು. ದಾರಿಯಲ್ಲಿ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಇಡೀ ತುಣುಕೇ ಅರ್ಥವಾಗದು. ಇಂತಹ ದೋಷಗಳನ್ನು ಹಿಡಿಯಲು ಮೇಲೆ ಹೇಳಿದ ಪರೀಕ್ಷೆ ಬಹಳ ಉಪಯುಕ್ತ. ವಿಮರ್ಶಕರ ಹೆಸರಿನ ಜಾಗದಲ್ಲಿ ನಿಜವಾದ ಹೆಸರಿರಲಿ. ಅಲ್ಲಿ ‘ಯುಗಾದಿ ರಿಯಾಯಿತಿ’ ಎಂದು ಜಾಹೀರಾತು ತುರುಕಿರುವುದನ್ನೂ ನೋಡಿದ್ದೇನೆ.

ಕೋಡಿನಲ್ಲಿ ಹೇಳಿದ ಅಂಕ, ವಿಮರ್ಶೆ ಎರಡೂ ಪುಟದಲ್ಲಿ ಗ್ರಾಹಕರ ಕಣ್ಣಿಗೆ ಬೀಳುವಂತಿರಬೇಕು. ಗೂಗಲ್ ನಕ್ಷೆಯಿಂದಲೋ ದೊಡ್ಡ ಮಾರಾಟ ತಾಣದಿಂದಲೋ ಅಂಕಗಳನ್ನು ಎತ್ತಿ ತಂದು ನಿಮ್ಮ ಸೈಟಿನ ಕೋಡಿಗೆ ಸೇರಿಸುವಂತಿಲ್ಲ. ನಿಮ್ಮ ಗ್ರಾಹಕರಿಂದ ನೀವೇ ಪಡೆದದ್ದಾಗಿರಬೇಕು. ಇಲ್ಲಿಗೆ ಬಂದಾಗ ಬಹಳ ಜನ ಸೋಲುತ್ತಾರೆ, ಏಕೆಂದರೆ ಕೇಳುವ ಅಭ್ಯಾಸವೇ ನಮ್ಮಲ್ಲಿಲ್ಲ. ಸರಕು ತಲುಪಿ ಹತ್ತು ಹದಿನೈದು ದಿನದ ನಂತರ, ಆ ಪುಟದ ಕೊಂಡಿಯೊಂದಿಗೆ, ಕನ್ನಡದಲ್ಲಿ ಎರಡು ಸಾಲಿನ ಸಂದೇಶ ಕಳುಹಿಸಿ. ಎಲ್ಲರಿಗೂ ಕಳುಹಿಸಿ, ಖುಷಿಯಾದವರನ್ನು ಮಾತ್ರ ಆರಿಸಬೇಡಿ. ಮೂರು ನಕ್ಷತ್ರದ ವಿಮರ್ಶೆ ಬಂದರೆ ಅಳಿಸದೆ ಅದರ ಕೆಳಗೆ ಉತ್ತರ ಬರೆಯಿರಿ. ‘ಬಣ್ಣ ಫೋಟೋದಲ್ಲಿ ಕಂಡದ್ದಕ್ಕಿಂತ ಗಾಢವಾಗಿದೆ’ ಎಂಬ ದೂರು ಮುಂದಿನ ಗ್ರಾಹಕರಿಗೆ ಹತ್ತು ಹೊಗಳಿಕೆಗಿಂತ ಹೆಚ್ಚು ನೆರವಾಗುತ್ತದೆ, ಫೋಟೋ ತೆಗೆಯುವವರಿಗೂ ಪಾಠವಾಗುತ್ತದೆ.

ಹೋಟೆಲು, ಚಿಕಿತ್ಸಾಲಯದವರು ತಮ್ಮ ಶ್ರಮವನ್ನೆಲ್ಲ ಬಿಸಿನೆಸ್ ಪ್ರೊಫೈಲ್‌ಗೆ ಹಾಕಲಿ. ಗಲ್ಲಾಪೆಟ್ಟಿಗೆಯ ಬಳಿ ಕ್ಯೂಆರ್ ಕೋಡ್ ಇಡುವುದರಲ್ಲಿ ತಪ್ಪಿಲ್ಲ. ‘ಐದು ನಕ್ಷತ್ರ ಕೊಟ್ಟರೆ ಒಂದು ಕಾಫಿ ಉಚಿತ’ ಎಂದು ಅದರ ಮೇಲೆ ಬರೆಯುವುದು ತಪ್ಪು. ಆಮಿಷ ಕೊಟ್ಟು ಪಡೆದ ವಿಮರ್ಶೆಯನ್ನು ಗೂಗಲ್ ನೀತಿ ಒಪ್ಪುವುದಿಲ್ಲ.

ಸುಳ್ಳು ವಿಮರ್ಶೆ ಗೂಗಲ್‌ನ ನಿಯಮಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. ಮಾರಾಟಗಾರ ತಾನೇ ಗ್ರಾಹಕನಂತೆ ನಟಿಸಿ ವಿಮರ್ಶೆ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಎಂದು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನದಂಡವನ್ನೂ ತಂದಿದೆ. ಅದನ್ನು ಐಚ್ಛಿಕವಾಗಿಯೇ ಜಾರಿಗೆ ತಂದರು. ಆದರೂ ವಿಮರ್ಶೆ ಪ್ರಕಟಿಸುವ ಯಾವುದೇ ಸೈಟಿಗೆ ಒಳ್ಳೆಯ ಕೈಪಿಡಿ.

ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ನಕ್ಷತ್ರ ಬಂದೇ ಬರುತ್ತದೆ ಎಂದು ಯಾರೂ ಬರೆದುಕೊಡಲಾರರು. ಗೂಗಲ್ ಕೂಡ ಆ ಭರವಸೆ ಕೊಟ್ಟಿಲ್ಲ. ನಕ್ಷತ್ರ ಬಂದ ಮಾತ್ರಕ್ಕೆ ಪುಟ ಮೇಲಿನ ಸ್ಥಾನಕ್ಕೆ ಏರುವುದೂ ಇಲ್ಲ. ಇದ್ದ ಜಾಗದಲ್ಲೇ ಹೆಚ್ಚು ಜನರ ಗಮನ ಸೆಳೆಯಬಹುದು, ಅಷ್ಟು. ಕೋಡ್ ಹಾಕಿದ ಮೇಲೆ ಗೂಗಲ್ ಸೈಟ್ ಮಾಲೀಕರಿಗೆಂದು ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಆ ಪುಟದ ವಿಳಾಸ ಕೊಟ್ಟು ಇಂಡೆಕ್ಸ್‌ಗೆ, ಅಂದರೆ ಗೂಗಲ್‌ನ ಹುಡುಕಾಟದ ಪಟ್ಟಿಗೆ, ಸೇರಿಸಲು ಕೋರಿಕೆ ಸಲ್ಲಿಸಿ. ಕೆಲವು ದಿನಗಳೂ ಆಗಬಹುದು, ಕೆಲವು ವಾರಗಳೂ ಹಿಡಿಯಬಹುದು. ಅಲ್ಲಿನ ‘ರಿವ್ಯೂ ಸ್ನಿಪೆಟ್ಸ್’ ವರದಿಯಲ್ಲಿ ದೋಷವಿರುವ ಪುಟಗಳ ಪಟ್ಟಿ ಸಿಗುತ್ತದೆ. ನಕ್ಷತ್ರ ಕಾಣಿಸತೊಡಗಿದ ಪುಟಗಳಿಗೆ ಹಿಂದಿನ ಮೂರು ತಿಂಗಳಿಗಿಂತ ಹೆಚ್ಚು ಜನ ಬಂದರೇ ಎಂದು ‘ಪರ್ಫಾರ್ಮೆನ್ಸ್’ ವರದಿಯಲ್ಲಿ ಹೋಲಿಸಿ ನೋಡಿ. ನಿಮ್ಮ ಸೈಟ್ ಮಾಡಿದವರ ಬಳಿ ಕೇಳಬೇಕಾದ ಲೆಕ್ಕ ಅದೇ.